ಪಾಯಸ ಮಾಡಿದವಳ ಪಾಲು

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮೂರಿನ ಮಾಳವ್ವಜ್ಜಿ. ತೊಟ್ಟಿಲಿಗೆ ಹಗ್ಗ ಹೊಸೆದು ಕೊಡುವುದು ಅವಳ ಕೆಲಸ. ನಮ್ಮ ಮನೆಯಲ್ಲಿ ಮೂರನೆಯ ಮಗು ಹುಟ್ಟಿದಾಗ ನಾನು ಪಂಚಾಂಗವನ್ನು ಒಂದು ತೊಡೆಯ ಮೇಲೆ, ಸಹಸ್ರನಾಮವನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು, ಮೊದಲ ಇಬ್ಬರ ಹೆಸರಿಗೆ ಹೊಂದುವ ಹೆಸರೊಂದನ್ನು ಹುಡುಕುತ್ತ ಕೂತಿದ್ದೆ. ಅಜ್ಜಿ ಹಗ್ಗದ ಸುರುಳಿಯನ್ನು ನನ್ನ ಮುಂದೆ ಇಟ್ಟು, "ಹೊಂದಸಪ್ಪ, ಹೊಂದಸು. ಹೊಂದಸೂಕಿಂತ ಮೊದಲ ಇದೊಂದು ಕೇಳು" ಅಂದಳು. ಅವಳು ಹೇಳಿದ್ದನ್ನು ನನ್ನ ಕೈಗೆ ಬಂದಷ್ಟು ಬರೆಯುತ್ತೇನೆ. ದೇವರು ಮಾತು ತಪ್ಪಿಸದಿರಲಿ.

ಒಂದು ಊರು. ಆ ಊರಿಗೆ ಹೆಸರಿರಲಿಲ್ಲ. ಜೊತೆಗೆ ಹೊಂದಿಸಿ ನೋಡಲು ಹತ್ತಿರದಲ್ಲಿ ಇನ್ನೊಂದು ಊರಿರಲಿಲ್ಲ, ಅದಕ್ಕೆ.

ಆ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ತಾಯಂದಿರು ಹೊಸ್ತಿಲ ಮೇಲೆ ನಿಂತು ಮಕ್ಕಳನ್ನು ಊಟಕ್ಕೆ ಕರೆಯುವರು. ಎಲ್ಲ ಮಕ್ಕಳನ್ನೂ ಒಂದೇ ಉಸಿರಿನಲ್ಲಿ ಕರೆಯಬೇಕು. ಹಿರಿಯ ಮಗುವಿನಿಂದ ಕಿರಿಯ ಮಗುವಿನವರೆಗೆ ಹೆಸರುಗಳು ಒಂದೇ ಜೊತೆಯ ಬಳೆಗಳ ಹಾಗೆ ಒಂದಕ್ಕೊಂದು ತಾಗಿ ಸದ್ದು ಮಾಡಬೇಕು. ಕರೆದಾಗ ತಿರುಗಿ ಬಂದ ಮಗುವಿಗೆ ಎಲೆ ಹಾಕುವರು. ಬಾರದ ಮಗುವಿಗೆ ಎಲೆ ಇಲ್ಲ. ಇದು ಆ ಊರಿನ ಕಟ್ಟಳೆ.

ಮಗು ಹುಟ್ಟಿದ ಹನ್ನೆರಡನೆಯ ದಿನ ಸೋದರತ್ತೆ ಬರುವಳು. ಹರಿವಾಣದಲ್ಲಿ ಅಕ್ಕಿ ಹರವಿ, ಉಂಗುರದಿಂದ ಅದರಲ್ಲಿ ಹೆಸರು ಬರೆದು, ತೊಟ್ಟಿಲಿಗೆ ಬಾಗಿ ಮಗುವಿನ ಬಲಗಿವಿಯಲ್ಲಿ ಮೂರು ಸಲ ಆ ಹೆಸರು ಹೇಳುವಳು. ಮಗು ಗಂಡಾದರೆ ಹೊರಗೆ ಕಲ್ಲುಕುಟಿಗ ಏಣಿ ಹತ್ತಿ ಕಾದಿರುವನು. ಮೂರನೆಯ ಸಲ ಹೆಸರು ಕೇಳಿದ ಕೂಡಲೇ ಬಾಗಿಲ ಮೇಲಿನ ಕಲ್ಲಿನಲ್ಲಿ ಅದನ್ನು ಕೆತ್ತಲು ಶುರುಮಾಡುವನು. ಉಳಿ ಬಿದ್ದ ಮೇಲೆ ಆ ಹೆಸರನ್ನು ದೇವರು ಬಂದರೂ ಬದಲಿಸುವಂತಿಲ್ಲ. ಮಗು ಹೆಣ್ಣಾದರೆ ಕಲ್ಲಿಲ್ಲ, ಉಳಿಯಿಲ್ಲ. ಹೆಸರು ಬರೆದ ಅಕ್ಕಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಒಂದು ಕುಡಿಕೆಯಲ್ಲಿ ಹಾಕಿ, ದೇವರ ಕೋಣೆಯ ಮೂಲೆಯಲ್ಲಿ ಇಟ್ಟುಬಿಡುವರು.

ಹೆಸರುಗಳು ಹೊಂದುತ್ತವೋ ಇಲ್ಲವೋ ಎಂದು ಹೇಳುವವನು ಹೊಂದಿಕೆಯ ಹಿರಿಯ. ಅವನು ಎಲೆಯಡಿಕೆ ಮಡಿಸಿ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂರುವನು. ಮನೆಯವರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವರು. ಹೊಂದಿದರೆ ಅವನು ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಳ್ಳುವನು. ಹೊಂದದಿದ್ದರೆ ತಟ್ಟೆಗೆ ಇಡುವನು. ಅವನು ತಟ್ಟೆಗೆ ಇಟ್ಟರೆ ಮನೆಯಲ್ಲಿ ಯಾವುದೋ ಒಂದು ಹೆಸರು ಹೋಗಬೇಕು. ಕಲ್ಲಿನಲ್ಲಿದ್ದದ್ದು ಹೋಗಲಾರದು. ಅಕ್ಕಿಯಲ್ಲಿದ್ದದ್ದು ಹೋಗಬಹುದು. ಅದು ಹೇಗೆ ಹೋಗುವುದೆಂದರೆ, ಕುಡಿಕೆಯ ಅಕ್ಕಿಯನ್ನು ತೆಗೆದು ಬೆಲ್ಲ ಹಾಕಿ ಪಾಯಸ ಮಾಡುವರು. ಹೆಸರಿನ ಹುಡುಗಿ ಮೊದಲು ತಿನ್ನಬೇಕು. ಆಮೇಲೆ ತಂದೆ ತಾಯಿ, ಆಮೇಲೆ ನೆಂಟರು, ಆಮೇಲೆ ಊರು. ತಿಂದವರಿಗೆ ಆ ಹೆಸರು ಮರೆತುಹೋಗುವುದು. ಮರುದಿನ ಹುಡುಗಿಗೆ ಹೊಸ ಅಕ್ಕಿ, ಹೊಸ ಹೆಸರು.

ಆ ಊರಿನಲ್ಲಿ ಒಬ್ಬ ಅತ್ತೆ ಇದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಓಣಿಯ ತುದಿಯಲ್ಲೇ ಒಂದು ಕೋಣೆಯಲ್ಲಿದ್ದು, ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತ ಕಾಲ ಕಳೆಯುತ್ತಿದ್ದಳು. ಈ ತಮ್ಮ ಹುಟ್ಟಿದಾಗ ಅವಳ ಮೊದಲ ಹೆಸರು ಪಾಯಸವಾಗಿತ್ತು. ಕೊಟ್ಟ ಮನೆಯಲ್ಲಿ ಓರಗಿತ್ತಿಯರ ಹೆಸರಿಗೆ ಹೊಂದಲಿಲ್ಲವೆಂದು ಎರಡನೆಯದೂ ಹೋಯಿತು, ಮೂರನೆಯದನ್ನು ಇಡುವ ಗೊಡವೆಗೆ ಯಾರೂ ಹೋಗಲಿಲ್ಲ. ಈಗ ಎಲ್ಲರೂ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವಳು ತಿರುಗುತ್ತಿದ್ದಳು.

ತಮ್ಮನಿಗೆ ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ತಮ್ಮನ ಹೆಂಡತಿ ಊರಾಚೆಯ ಗುಡ್ಡ ಹತ್ತಿ, ಮೇಲೆ ಸೂರಿಲ್ಲದೆ ಬಿಸಿಲಲ್ಲೇ ಕೂತಿದ್ದ ದೇವಿಯ ಮುಂದೆ ಸೆರಗೊಡ್ಡಿ ಬೇಡಿಕೊಂಡಳು. ಹೆಣ್ಣು ಮಗು ಹುಟ್ಟಿತು. ಹರಕೆಯಂತೆ ಹೆಸರಿಟ್ಟರು: ಗುಡ್ಡವ್ವ. ಆ ಹೆಸರನ್ನು ಕಿವಿಯಲ್ಲಿ ಹೇಳಿದವಳು ಅತ್ತೆಯೇ. ಮಗು ಆ ಹೆಸರಿಗೆ ಮೊದಲ ಸಲ ನಕ್ಕದ್ದು, ಆ ಹೆಸರು ಕೇಳಿ ಮೊದಲ ಸಲ ಅಂಬೆಗಾಲಿಟ್ಟು ಬಂದದ್ದು, ಎಲ್ಲ ಅವಳ ಕಣ್ಣ ಮುಂದೆಯೇ. ಒಬ್ಬಳೇ ಮಗಳಿದ್ದಾಗ ಹೊಂದಿಸುವ ಮಾತಿರಲಿಲ್ಲ. ಎರಡೂವರೆ ವರ್ಷ ಆ ಮನೆಯ ಹೊಸ್ತಿಲಿಂದ ಸಂಜೆಗೊಮ್ಮೆ ಗುಡ್ಡವ್ವಾ ಎಂಬ ಕೂಗು ಹೊರಡುತ್ತಿತ್ತು, ಹುಡುಗಿ ಎಲ್ಲಿದ್ದರೂ ಎದ್ದು ಬಿದ್ದು ಓಡಿಬರುತ್ತಿದ್ದಳು.

ಆಮೇಲೆ ಗಂಡು ಹುಟ್ಟಿತು. ಅದಕ್ಕೆ ಚಂದ್ರಧರ ಎಂದು ಹೆಸರು ಆರಿಸಿದರು. ಹೊಂದಿಕೆಯ ಹಿರಿಯ ಬಂದು ಕಣ್ಣು ಮುಚ್ಚಿ ಕೂತ. ತಮ್ಮ ಒಂದೇ ಉಸಿರಿನಲ್ಲಿ ಹೇಳಿದ: ಗುಡ್ಡವ್ವ, ಚಂದ್ರಧರ.

ಹಿರಿಯ ಎಲೆಯಡಿಕೆಯನ್ನು ತಟ್ಟೆಗೆ ಇಟ್ಟ.

"ಒಂದು ಬಂಡಿಗಲ್ಲು, ಒಂದು ಬೆಳದಿಂಗಳು. ಎರಡೂ ಒಂದ ಉಸಿರಿನ್ಯಾಗ ಹೆಂಗ ಹೋಗತಾವು?" ಅಂದ.

ತಮ್ಮನ ಹೆಂಡತಿ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು, "ಅದು ಹರಕಿ ಹೆಸರ್ರೀ, ಯಜಮಾನ್ರ. ಆ ತಾಯಿ ಹೆಸರು" ಅಂದಳು.

ಹಿರಿಯನಿಗೆ ಸಿಟ್ಟು ಬರುತ್ತಿರಲಿಲ್ಲ. ಅವನ ಮಾತು ಯಾವಾಗಲೂ ಎಣ್ಣೆ ಸವರಿದ ಹಾಗೆ ಇರುತ್ತಿತ್ತು. "ತಾಯೀನ ಯಾರು ಬ್ಯಾಡ ಅಂದಾರ, ತಂಗಿ? ಆಕಿ ಗುಡ್ಡದ ಮ್ಯಾಲ ಇರಲಿ. ನಿನ್ನ ಮನಿಯಾಗ ಚಂದ್ರಕಲಾ ಇರಲಿ. ಹೆಣ್ಣ ಹುಡುಗಿ, ನಾಳೆ ಕೊಟ್ಟ ಮನ್ಯಾಗ ಹೆಂಗೂ ಬದಲ ಮಾಡತಾರ. ಅವರು ಮಾಡೂದನ್ನ ನಾವ ಚಂದಂಗ ಮಾಡಿ ಕಳಸೋಣು."

ಏಳು ವರ್ಷ ಬೇಡಿ ಪಡೆದ ಮಗುವಿನ ಮೇಲಿಂದ ದೇವಿಯ ಹೆಸರನ್ನು ಕಿವಿಗೆ ಇಂಪಿಲ್ಲವೆಂದು ತೆಗೆದರು. ಬರೆಯುವಾಗಲೂ ನನ್ನ ಕೈ ಬಿಸಿಯಾಗುತ್ತದೆ. ಆದರೆ ಆ ದಿನ ಆ ಮನೆಯಲ್ಲಿ ಯಾರ ಕೈಯೂ ಬಿಸಿಯಾಗಲಿಲ್ಲ. ಬಿಸಿಯಾದದ್ದು ಒಲೆ ಒಂದೇ. ಅತ್ತೆ ಕುಡಿಕೆಯನ್ನು ಇಳಿಸಿ, ಬಟ್ಟೆಯ ಗಂಟು ಬಿಚ್ಚಿ, ಅಕ್ಕಿ ತೊಳೆದು ಒಲೆಗೆ ಇಟ್ಟಳು. ಹೆಸರು ಹೇಳುವ ಬಾಯಿ ಸೋದರತ್ತೆಯದು, ಹೆಸರು ಬೇಯಿಸುವ ಕೈಯೂ ಸೋದರತ್ತೆಯದು. ಅವಳು ಬೆಲ್ಲ ಕುಟ್ಟಿ ಹಾಕಿದಳು. ಹಾಗೆ ಮಾಡಿದ್ದಕ್ಕೆ ಅವಳು ಮುಂದೆ ಬಹಳ ದಿನ ತನ್ನ ಕೈಯನ್ನು ತಾನೇ ದ್ವೇಷಿಸಿದಳು.

ಹುಡುಗಿಗೆ ಮೊದಲು ಬಡಿಸಿದರು. ಸಿಹಿಯಲ್ಲವೇ, ಅವಳು ಬೆರಳು ನೆಕ್ಕಿ ಇನ್ನಷ್ಟು ಕೇಳಿದಳು. ತಂದೆ ತಿಂದ, ತಾಯಿ ತಿಂದಳು. ನೆಂಟರು ತಿಂದರು, ಓಣಿ ತಿಂದಿತು. ಕೊನೆಗೆ ಬಂದವರು ಪಾತ್ರೆಯ ತಳಕ್ಕೆ ಬೆರಳು ಹಾಕಿ ಗೀರಿ ತಿಂದರು. ಮಾಡಿದವಳು ಕೊನೆಗೆ ಉಣ್ಣಬೇಕು, ಅದೂ ಆ ಊರಿನ ಕಟ್ಟಳೆ. ಅವಳ ಪಾಳಿ ಬಂದಾಗ ಪಾತ್ರೆಯಲ್ಲಿ ಏನೂ ಇರಲಿಲ್ಲ. ನಿನಗೇನಾದರೂ ಉಳಿಯಿತೇ ಎಂದು ಯಾರೂ ಕೇಳಲಿಲ್ಲ. ಅವಳು ಪಾತ್ರೆಗೆ ನೀರು ಹಾಕಿ, ಬೂದಿಯಿಂದ ತಿಕ್ಕಿ, ಬೋರಲು ಹಾಕಿದಳು.

ಹೀಗೆ ಇಡೀ ಊರು ಮರೆತದ್ದು ಅವಳೊಬ್ಬಳಿಗೆ ನೆನಪಿತ್ತು. ಮಾಡಿದವಳಿಗೆ ಒಂದು ಸೌಟು ತೆಗೆದಿಡುವಷ್ಟು ತಿಳಿವಳಿಕೆ ಆ ಊರಿಗೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮರುದಿನದಿಂದ ಹೊಸ್ತಿಲ ಮೇಲಿಂದ ಹೊಸ ಕೂಗು: ಚಂದ್ರಕಲಾ, ಚಂದ್ರಧರಾ. ಕೇಳಿದವರು ತಲೆದೂಗಿದರು. ಜೋಡಿ ಗೆಜ್ಜೆಯ ಹಾಗೆ ಇದೆ ಅಂದರು. ಹುಡುಗಿ ಮಾತ್ರ, ಯಾರನ್ನು ಕರೆಯುತ್ತಿದ್ದಾರೆ ಎಂದು ತನ್ನ ಹಿಂದೆ ತಿರುಗಿ ನೋಡುತ್ತ ನಿಲ್ಲುವಳು. ಹಿಂದೆ ಯಾರೂ ಇಲ್ಲ ಎಂದು ತಿಳಿದು ಅವಳು ಹೊರಡುವಷ್ಟರಲ್ಲಿ ತಾಯಿ ಒಳಗೆ ಹೋಗಿರುವಳು. ಎಷ್ಟೋ ಸಂಜೆ ಎಲೆ ಇಲ್ಲ. ಒಂದು ವರ್ಷವಲ್ಲ, ನಾಲ್ಕು ವರ್ಷ ಹಾಗೆಯೇ ನಡೆಯಿತು. ಹುಡುಗಿಯ ಮೊಣಕಾಲು ತೊಡೆಗಿಂತ ದಪ್ಪ ಕಾಣತೊಡಗಿತು. ಕಿವಿ ಮಂದ ಎಂದು ಕೆಲವರು, ಗರ್ವ ಎಂದು ಕೆಲವರು. ಓಣಿಯ ಹುಡುಗರು "ಚಂದ್ರಕಲಾ" ಎಂದು ಕೂಗಿ, ಅವಳು ತಿರುಗುವವರೆಗೆ ಎಷ್ಟು ಎಣಿಸಬಹುದು ಎಂದು ಆಟವಾಡುವರು. ಅತ್ತೆ ಅವಳನ್ನು ತನ್ನ ಕೋಣೆಗೆ ಕರೆದು, ಹೆಸರು ಹೇಳದೆ, ಮಡಿಲಿಗೆ ಮಂಡಕ್ಕಿ ಹಾಕುವಳು. ಹೆಸರು ಹೇಳದೆ ತಲೆ ಬಾಚುವಳು. ಹೇಳಬೇಕೆಂದಾಗಲೆಲ್ಲ ಒಂದು ಬತ್ತಿ ಹೆಚ್ಚಿಗೆ ಹೊಸೆಯುವಳು. ತಿಂದ ಹೆಸರನ್ನು ಬಾಯಿಗೆ ತಂದವರನ್ನು ಒದ್ದೆ ಬಟ್ಟೆ ಬಾಯಿಗೆ ತುರುಕಿ ಒಂಬತ್ತು ದಿನ ಚಾವಡಿಯ ಕೆಳಗಿನ ಮೆಟ್ಟಿಲ ಮೇಲೆ ಕೂರಿಸುವರು. ಆ ಕೋಣೆಯ ತುಂಬ ಬತ್ತಿಗಳಾದವು.

ತಮ್ಮನ ಹೆಂಡತಿ ಮತ್ತೆ ಬಸಿರಾದಳು. ಏಳು ತಿಂಗಳಾಗಿದ್ದಾಗ ಒಂದು ಸಂಜೆ ಓಣಿಯಲ್ಲಿ ಒಂದು ಹೋರಿ ಹಗ್ಗ ಹರಿದುಕೊಂಡು ಬಂತು. ಓಣಿಯ ನಡುವೆ ಹುಡುಗಿ ಕುಂಟೆಬಿಲ್ಲೆಯ ಗೆರೆ ಎಳೆಯುತ್ತ ಬಗ್ಗಿ ಕೂತಿದ್ದಳು. ತಾಯಿ ಹೊಸ್ತಿಲಿಂದ ಕೂಗಿದಳು: ಚಂದ್ರಕಲಾ. ಹುಡುಗಿ ಗೆರೆ ಎಳೆಯುತ್ತಲೇ ಇದ್ದಳು. ತಾಯಿ ಮತ್ತೆ ಕೂಗಿದಳು. ಹುಡುಗಿ ತಲೆ ಎತ್ತಿ, ಯಾರನ್ನು ಕರೆಯುತ್ತಿದ್ದಾರೆ ಎಂದು ಆಚೆಗೆ, ಹೋರಿ ಇಲ್ಲದ ಕಡೆಗೆ ನೋಡಿದಳು. ತಾಯಿಯ ಬಾಯಿಯಲ್ಲಿ ಇನ್ನೊಂದು ಕೂಗು ಹೊರಳಿತು, ನಾಲಿಗೆ ಅದರ ಮೊದಲ ಅಕ್ಷರವನ್ನು ತಡಕಾಡಿತು, ಸಿಗಲಿಲ್ಲ.

ಓಣಿಯ ತುದಿಯಿಂದ ಅತ್ತೆ ಕೂಗಿದಳು.

"ಗುಡ್ಡವ್ವಾ!"

ಹುಡುಗಿ ಕೂತಲ್ಲಿಂದಲೇ ಹಾರಿ ಗೋಡೆಗೆ ಅಂಟಿಕೊಂಡಳು. ಹೋರಿ ಅವಳು ಎಳೆದ ಗೆರೆಗಳ ಮೇಲೆ ಹಾದುಹೋಯಿತು.

ಮಗು ಉಳಿಯಿತೆಂದು ಒಬ್ಬರಾದರೂ ದೇವರಿಗೆ ಕೈ ಮುಗಿದರೇ? ಇಲ್ಲ. ಹುಡುಗಿ ಹಾರಿದ್ದು ಕಂಡು, ತಿಂದ ಹೆಸರೇ ಬಾಯಿಗೆ ಬಂತೆಂದು ಓಡಿಹೋಗಿ ಹಿರಿಯನಿಗೆ ಹೇಳಿದರು. ಅವನು ಬೇಸರದಿಂದ ತಲೆಯಾಡಿಸಿ, "ಮಗು ಉಳೀತು, ಭಾಳ ಚಲೋ ಆತು. ಕಟ್ಟಳಿನೂ ಉಳೀಬೇಕಲ್ಲ" ಅಂದ. ಒದ್ದೆ ಬಟ್ಟೆ ತಂದರು.

ಅತ್ತೆ ಚಾವಡಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಹೋಗಿ ಬರುವವರು ನೋಡಿದರು. "ಬತ್ತಿ ಹೊಸ್ಯಾಕಿ, ಬಾಯಾಗೂ ಒಂದು ಬತ್ತಿ" ಎಂದು ಒಬ್ಬ ನಗಾಡಿದ. ಮೂರನೆಯ ದಿನ ಹುಡುಗಿ ಬಂದು ಅವಳ ಪಕ್ಕ ಕೂತಳು. ಕೇಳಿದಳು:

"ಅತ್ತಿ, ಅವತ್ತ ನೀ ಕರದದ್ದು ಯಾರನ್ನ?"

ಅತ್ತೆಯ ಬಾಯಲ್ಲಿ ಬಟ್ಟೆ.

"ನನಗ ಗೊತ್ತಿಲ್ಲದಾಕೀನ ಕರದಿ. ಆದ್ರ ನನ್ನ ಕಾಲು ತಾವ ಹಾರಿದವು."

ಅತ್ತೆ ಹುಡುಗಿಯ ಕಾಲಿನ ಮೇಲೆ ಕೈ ಇಟ್ಟಳು.

"ಆಕಿ ಎಲ್ಲಿರತಾಳ? ಆಕೀಗೆ ಎಲಿ ಹಾಕತಾರೇನು?"

ಅತ್ತೆಯ ಕಣ್ಣಿಂದ ನೀರು ಬರಲಿಲ್ಲ. ಅಳು ಬರುವ ಜಾಗದಲ್ಲಿ ಅವಳಿಗೆ ಅಂದು ಬೇರೆಯದೇನೋ ಬಂತು. ಉಳಿದ ಆರು ದಿನವೂ ಅವಳು ಆ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇದ್ದಳು. ಒಂಬತ್ತನೆಯ ದಿನ ಬಿಚ್ಚಿದಾಗ ಅದು ಎಳೆ ಎಳೆಯಾಗಿ ಬಂತು ಎಂದು ಮಾಳವ್ವಜ್ಜಿ ಹೇಳಿದಳು.

ಎರಡನೆಯ ಗಂಡು ಹುಟ್ಟಿತು. ತಮ್ಮ ಒಂದು ಸೀರೆ, ಒಂದು ಕುಪ್ಪಸದ ಬಟ್ಟೆ ತೆಗೆದುಕೊಂಡು ಅಕ್ಕನ ಕೋಣೆಗೆ ಬಂದ. ಬತ್ತಿಗಳ ರಾಶಿಯನ್ನು ಸರಿಸಿ ಕೂತ.

"ಅಕ್ಕಾ, ಗಂಗಾಧರ ಅಂತ ಇಡೂದು. ಯಜಮಾನ್ರು ಎಲಿ ಬಾಯಿಗೆ ಹಾಕ್ಕೊಂಡ್ರು. ಚಂದ್ರಧರ, ಗಂಗಾಧರ. ಹೆಂಗೈತಿ?"

"ಚಂದೈತಿ."

"ಹುಡುಗೀದ ಒಂದು ಕೂಡಂಗಿಲ್ಲ. ಧಾರಿಣಿ ಅಂತ ಮಾಡಿದ್ರ ಮೂರೂ ಒಂದ ದಾರದಾಗ ಬರತಾವ ಅಂದ್ರು."

"ಆಕೀಗೆ ಹೇಳೀರೇನು?"

"ಆಕೀಗೇನು ಹೇಳೂದು? ಸಣ್ಣ ಹುಡುಗಿ, ಪಾಯಸ ಅಂದ್ರ ಓಡಿ ಬರತಾಳ." ಸೀರೆಯನ್ನು ಅವಳ ಮುಂದೆ ಸರಿಸಿ ಹೇಳಿದ: "ಮತ್ತ ಹಂಗ ಮಾಡಬ್ಯಾಡ, ಅಕ್ಕಾ. ನಾಕು ಮಂದ್ಯಾಗ ನನ್ನ ತಲಿ ತಗ್ಗಿಸಿದಿ."

ಅವಳು ತಮ್ಮನ ಮುಖ ನೋಡಿದಳು. ಈ ತಲೆಯನ್ನು ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಈ ತಲೆ ಹುಟ್ಟಿದ ಹನ್ನೆರಡನೆಯ ದಿನ ಅವಳೂ ಪಾಯಸಕ್ಕೆ ಓಡಿ ಬಂದಿರಬೇಕು.

"ನನ್ನ ಮೊದಲಿನ ಹೆಸರು ನಿನಗ ಗೊತ್ತೈತೇನು, ತಮ್ಮಾ?"

"ನಾ ಅವಾಗ ತೊಟ್ಟಲದಾಗಿದ್ದೆ. ನನಗ ಹೆಂಗ ಗೊತ್ತಿರತೈತಿ?" ಅವನು ನಕ್ಕ. "ಹೆಸರಿಗೇನಕ್ಕಾ, ನೀ ನನಗ ಅಕ್ಕ. ಸಾಕಲ್ಲ?"

"ಹೋಗು, ಬರತೀನಿ. ಕಿವ್ಯಾಗ ಹೇಳೂದಷ್ಟ ನನ್ನ ಕೆಲಸ" ಅಂದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಅವಳು ಹೊಸ ಸೀರೆಯುಟ್ಟು ಹೋದಳು. ಬಾಣಂತಿ ಕೋಣೆಯಲ್ಲಿ ತಮ್ಮನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅತ್ತೆ ಒಳಗೆ ಬಂದದ್ದೇ ಬಾಣಂತಿ ಅವಳ ಕೈ ಹಿಡಿದು ಪಿಸುಗುಟ್ಟಿದಳು:

"ಅಕ್ಕಾರ, ಹೋರಿ ಬಂದ ದಿನ ನೀವು ಕರದದ್ದು ನನಗ ಕೇಳಿಸ್ತು. ಕೇಳಿಸಿದ ಕೂಡಲೇ ಜಾರಿ ಹೋತು. ದಿನಾ ಹುಡುಕತೀನಿ. ನಾನ ಗುಡ್ಡ ಹತ್ತಿ ತಂದ ಹೆಸರಂತ ಅದು, ಹೌದೇನ್ರಿ?"

"ಹೌದು."

"ನಾ ಆ ಪಾಯಸ ಎಷ್ಟು ತಿಂದೆ?"

"ಎರಡು ಸೌಟು."

ತಾಯಿ ಕಣ್ಣು ಮುಚ್ಚಿದಳು. "ಬಾಣಂತಿ ಇದ್ದೆ. ಹಸಿವಾಗಿತ್ತು" ಅಂದಳು.

ಅತ್ತೆ ಅಡುಗೆಮನೆಗೆ ಹೋದಳು. ಚಂದ್ರಕಲಾ ಎಂದು ಬರೆದಿದ್ದ ಅಕ್ಕಿಯ ಕುಡಿಕೆಯನ್ನು ಇಳಿಸಿಕೊಟ್ಟರು. ಅವಳು ಪಾತ್ರೆಗೆ ನೀರು ಹಾಕಿ, ಬೆಲ್ಲ ಹಾಕಿ, ಮುಚ್ಚಳ ಮುಚ್ಚಿ ಒಲೆಯ ಮೇಲಿಟ್ಟಳು. ಅಕ್ಕಿಯ ಗಂಟನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಲ್ಲದ ವಾಸನೆ ಮನೆಯೆಲ್ಲ ಹರಡಿತು. ಅಂಗಳದಲ್ಲಿ ಕೂತ ಊರು ಮೂಗರಳಿಸಿತು.

ಹಿರಿಯ ಹೊಸ ಎಲೆಯಡಿಕೆ ಮಡಿಸಿ ಹಿಡಿದು ನಡುವೆ ಕೂತಿದ್ದ. ಕಲ್ಲುಕುಟಿಗ ಏಣಿಯ ಮೇಲಿದ್ದ. ಅತ್ತೆ ಹರಿವಾಣದ ಅಕ್ಕಿಯಲ್ಲಿ ಉಂಗುರ ಆಡಿಸಿದಳು, ಏನು ಬರೆದಳೆಂದು ಯಾರೂ ಬಗ್ಗಿ ನೋಡಲಿಲ್ಲ. ತೊಟ್ಟಿಲಿಗೆ ಬಾಗಿದಳು. ಮೊದಲ ಸಲ ಮೆಲ್ಲಗೆ ಹೇಳಿದಳು, ಎರಡನೆಯ ಸಲ ಮೆಲ್ಲಗೆ ಹೇಳಿದಳು. ಮೂರನೆಯ ಸಲ ಅವಳ ಧ್ವನಿ ಅಂಗಳ ದಾಟಿ ಏಣಿಯವರೆಗೆ ಹೋಯಿತು.

"ಗುಡ್ಡಪ್ಪ."

ಕಲ್ಲುಕುಟಿಗ ಕೇಳಿದ್ದನ್ನು ಕೆತ್ತುವವನು. ಅವನ ಉಳಿ ಕಲ್ಲಿಗೆ ಬಿತ್ತು. ಜನ ಎದ್ದು ನಿಂತು ಏನೇನೋ ಕೂಗುವಷ್ಟರಲ್ಲಿ ಚಂದ್ರಧರ ಎಂಬ ಹೆಸರಿನ ಪಕ್ಕದಲ್ಲಿ ಗು ಮೂಡಿತ್ತು. ತಮ್ಮ ಏಣಿಯ ಕಡೆಗೆ ಓಡಿದ. ಕುಟಿಗ ಕೆಳಗೆ ನೋಡಿ, "ಬಿದ್ದ ಉಳಿ ಹಿಂದಕ್ಕ ಬರೂದಿಲ್ಲ, ಧಣಿ" ಎಂದು ಕೆಲಸ ಮುಂದುವರಿಸಿದ.

ಈಗ ಊರು ಹಿರಿಯನ ಕಡೆಗೆ ತಿರುಗಿತು. ಕಲ್ಲಿನಲ್ಲಿ ಎರಡು ಹೆಸರು: ಚಂದ್ರಧರ, ಗುಡ್ಡಪ್ಪ. ಒಂದು ಬೆಳದಿಂಗಳು, ಒಂದು ಬಂಡೆಗಲ್ಲು. ಹೊಂದುವುದಿಲ್ಲ, ಬದಲಿಸುವಂತೆಯೂ ಇಲ್ಲ. ಹಿರಿಯ ಕಣ್ಣು ಮುಚ್ಚಿದ. ಎಲೆಯಡಿಕೆಯನ್ನು ಬಾಯಿಯ ಹತ್ತಿರ ತಂದ, ತಟ್ಟೆಯ ಹತ್ತಿರ ಒಯ್ದ, ಮತ್ತೆ ಬಾಯಿಯ ಹತ್ತಿರ ತಂದ. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು, ಅದೇ ಎಣ್ಣೆ ಸವರಿದ ಧ್ವನಿಯಲ್ಲಿ ಹೇಳಿದ:

"ಹಂಗಾದ್ರ ಹುಡುಗಿ ಹೆಸರು ಬದಲ ಮಾಡ್ರಿ."

ಹುಡುಗಿಯ ಹೆಸರು ಏನಾದರೂ ಆಗಲಿ, ಆ ಎರಡು ಗಂಡು ಹೆಸರು ಹೊಂದುವುದಿಲ್ಲ ಎಂಬುದು ಅಲ್ಲಿ ಕೂತಿದ್ದ ಕೂಸಿಗೂ ಗೊತ್ತಾಗುವಂತಿತ್ತು. ಹಿರಿಯನಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದ. ಇಷ್ಟು ವರ್ಷ ಹೊಂದಿಕೆ ಹೊಂದಿಕೆ ಎಂದು ಊರು ಕುದಿಸಿದ್ದು ಯಾವ ಹೊಂದಿಕೆಗೆ ಎಂಬುದು ಆ ಒಂದು ಮಾತಿನಿಂದ ಎಲ್ಲರ ಮುಂದೆ ಬಿಚ್ಚಿಬಿತ್ತು.

"ಪಾಯಸ ತರ್ರಿ" ಅಂದ ಹಿರಿಯ.

ಇಬ್ಬರು ಹೋಗಿ ಪಾತ್ರೆ ತಂದರು. ಮುಚ್ಚಳ ತೆಗೆದರು. ಬೆಲ್ಲದ ನೀರು ಕುದಿಯುತ್ತಿತ್ತು, ಒಳಗೆ ಒಂದು ಅಗುಳೂ ಇರಲಿಲ್ಲ.

"ಅಕ್ಕಿ ಎಲ್ಲಿ?" ತಮ್ಮ ಕೇಳಿದ.

"ನನ್ನ ಪಾಲು ತಕ್ಕೊಂಡೀನಿ" ಅಂದಳು ಅತ್ತೆ. "ಇಷ್ಟು ವರ್ಷ ನೀವು ತಿಂದ್ರಿ, ನಾ ಮಾಡಿದೆ. ಪಾತ್ರಿ ಗೀರಿ ತಿಂದ್ರಿ, ನಾ ತಿಕ್ಕಿದೆ. ನೀ ಉಂಡೀಯೇನವಾ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರ ಇವತ್ತ ನಾನೂ ಮರತಿರತಿದ್ದೆ."

ಅವಳು ಹುಡುಗಿಯ ಕಡೆಗೆ ತಿರುಗಿದಳು. ಹುಡುಗಿ ಎಂದಿನಂತೆ, ಯಾರನ್ನು ಕರೆಯುವರೋ ಎಂದು, ಕಂಬಕ್ಕೆ ಆತು ನಿಂತಿದ್ದಳು.

"ಗುಡ್ಡವ್ವ ನೀನ. ಅವತ್ತ ನಾ ಕರದಾಕಿ ಬ್ಯಾರೆ ಯಾರೂ ಅಲ್ಲ. ನಿನ್ನ ಹೆಸರು ಬೇಯಿಸಿದಾಕಿ ನಾ. ಅದಕ್ಕ ನನಗ ನೆನಪೈತಿ."

ತಮ್ಮನ ಹೆಂಡತಿ ಹನ್ನೆರಡು ದಿನದ ಬಾಣಂತಿ, ಹೊಸ್ತಿಲು ದಾಟಬಾರದು. ಅವಳು ದಾಟಿದಳು. ಬಂದು ಮಗಳ ಮುಂದೆ ಕೂತು, ಹಲ್ಲಿಲ್ಲದವರು ಗಟ್ಟಿ ರೊಟ್ಟಿ ಅಗಿಯುವ ಹಾಗೆ ಒಂದೊಂದೇ ಅಕ್ಷರವನ್ನು ಅತ್ತೆಯ ಬಾಯಿಂದ ತೆಗೆದುಕೊಂಡು ತನ್ನ ಬಾಯಲ್ಲಿ ಇಟ್ಟುಕೊಂಡಳು. ಗು. ಗುಡ್ಡ. ಗುಡ್ಡವ್ವ.

ಹಿರಿಯ, "ಬಟ್ಟಿ ತರ್ರಿ" ಅಂದ. ಈ ಸಲ ಅವನ ಧ್ವನಿಯಲ್ಲಿ ಎಣ್ಣೆ ಇರಲಿಲ್ಲ.

ಆಗ ಹೆಂಗಸರ ಗುಂಪಿನಲ್ಲಿ ಗಾಣದ ಮನೆಯ ಮುದುಕಿ ಎದ್ದು ನಿಂತಳು. ಅವಳೂ ಯಾರದೋ ಸೋದರತ್ತೆ. ಪಕ್ಕದಲ್ಲಿ ಕೂತಿದ್ದ, ತಲೆ ನರೆತ ಅಣ್ಣನ ಮಗಳ ಭುಜ ಮುಟ್ಟಿ ಹೇಳಿದಳು: "ನೀ ಈರಬಸವ್ವ. ನಿನ್ನ ಹೆಸರು ಬೇಯಿಸಿದಾಕಿ ನಾ. ನನಗೂ ಪಾತ್ರ್ಯಾಗ ಏನೂ ಉಳಿದಿದ್ದಿಲ್ಲ."

ಇನ್ನೊಬ್ಬಳು ಎದ್ದಳು. "ನೀ ಹೊಳೆವ್ವ." ಮತ್ತೊಬ್ಬಳು, "ನೀ ಅಡಿವೆವ್ವ. ಎರಡನೇದ್ದು ಕಾಳವ್ವ. ಎರಡೂ ನಾನ ಮಾಡಿದ್ದು." ಬೇಯಿಸಿದವರೆಲ್ಲ ಎದ್ದರು. ಯಾವ ಮನೆಯಲ್ಲಿಯೂ ಯಾವ ಅತ್ತೆಗೂ ಒಂದು ಸೌಟು ಉಳಿದಿರಲಿಲ್ಲ. ಒಬ್ಬೊಬ್ಬಳೂ ತನಗೊಬ್ಬಳಿಗೇ ನೆನಪಿದೆ ಎಂದುಕೊಂಡು, ಬಾಯಿ ಬಿಗಿಹಿಡಿದು ಮುದುಕಿಯಾಗಿದ್ದಳು. ಹೆಸರುಗಳು ಅಂಗಳದ ತುಂಬ ಬಿದ್ದವು. ಒಂದಕ್ಕೊಂದು ಹೊಂದುತ್ತಿರಲಿಲ್ಲ. ಚಕ್ಕಡಿಯಿಂದ ಕಲ್ಲು ಸುರಿದ ಹಾಗೆ ಸದ್ದಾಯಿತು. ಹೆಸರು ಕೇಳಿದ ಹೆಂಗಸರು ಒಬ್ಬೊಬ್ಬರಾಗಿ ಥಟ್ಟನೆ ತಿರುಗಿದರು, ತಿರುಗಿದ್ದಕ್ಕೆ ತಾವೇ ಬೆಚ್ಚಿದರು.

ಹಿರಿಯ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೆಂಡತಿಯನ್ನು ಕರೆದ. ನಲವತ್ತು ವರ್ಷ ಕರೆದ ಹೆಸರಿನಿಂದಲೇ ಕರೆದ. ಅವಳು ತಿರುಗಲಿಲ್ಲ. ಅವಳ ಮುಂದೆ ಒಬ್ಬ ಕುರುಡು ಮುದುಕಿ ನಿಂತು, ಮುಖ ತಡವಿ, "ಕರಿಯವ್ವ, ನೀ ಕರಿಯವ್ವ" ಎನ್ನುತ್ತಿದ್ದಳು. ಹಿರಿಯನ ಕೈಯಲ್ಲಿ ಎಲೆಯಡಿಕೆ ಬಾಡಿತ್ತು. ಅದನ್ನು ಬಾಯಿಗೂ ಹಾಕಿಕೊಳ್ಳದೆ, ತಟ್ಟೆಗೂ ಇಡದೆ, ಹಿಡಿದುಕೊಂಡೇ ಒಬ್ಬನೇ ಮನೆಗೆ ಹೋದ.

ಆ ದಿನದಿಂದ ಆ ಊರಿನ ಕಟ್ಟಳೆ ಮುರಿಯಿತೆಂದು ನಾನು ಬರೆಯಬಹುದು. ಮಾಳವ್ವಜ್ಜಿ ಹಾಗೆ ಹೇಳಲಿಲ್ಲ. ಬಟ್ಟೆ ತಂದರು. ಅತ್ತೆಯನ್ನು ಮತ್ತೆ ಚಾವಡಿಯ ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿದರು. ಆದರೆ ಈ ಸಲ ಬೇಯಿಸಿದವರೆಲ್ಲರನ್ನೂ ಕೂರಿಸಬೇಕಾಯಿತು. ಮೆಟ್ಟಿಲು ಸಾಲಲಿಲ್ಲ, ಬಟ್ಟೆಯೂ ಸಾಲಲಿಲ್ಲ. ಒಂಬತ್ತು ದಿನ ಊರಿನಲ್ಲಿ ಎಷ್ಟೋ ಮನೆಗಳ ಒಲೆ ಹೊತ್ತಲಿಲ್ಲ. ಹೋಗಿ ಬರುವವರು ಈ ಸಲ ನಗಾಡಲಿಲ್ಲ.

ಮೊದಲ ದಿನವೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ತಮ್ಮನ ಹೆಂಡತಿ ಹೊಸ್ತಿಲ ಮೇಲೆ ನಿಂತಳು. ತಮ್ಮ ಒಳಗಿಂದ, "ಮೆಲ್ಲಕ ಕರಿ, ಮಂದಿ ಕೇಳತಾರ" ಅಂದ. ಅವಳು ಮೆಲ್ಲಗೆ ಕರೆಯಲಿಲ್ಲ. ಗುಡ್ಡವ್ವಾ, ಚಂದ್ರಧರಾ, ಉಣ್ಣಾಕ ಬರ್ರಿ ಎಂದು ಚಾವಡಿಗೆ ಕೇಳುವ ಹಾಗೆ ಕೂಗಿದಳು, ತೊಟ್ಟಿಲ ಕೂಸನ್ನೂ ಬಿಡದೆ ಗುಡ್ಡಪ್ಪಾ ಎಂದು ಕೊನೆಗೆ ಸೇರಿಸಿದಳು. ಆ ಕೂಗು ಎಡವಿತು, ಉಸಿರು ನಡುವೆ ಎರಡು ಸಲ ಮುರಿಯಿತು. ಹುಡುಗಿ ಆಗ ಚಾವಡಿಯ ಮೆಟ್ಟಿಲ ಹತ್ತಿರ, ಅತ್ತೆಯ ಪಕ್ಕ ಕೂತಿದ್ದಳು. ಅವಳು ಹಿಂದೆ ತಿರುಗಿ 'ಯಾರನ್ನು' ಎಂದು ನೋಡಲಿಲ್ಲ. ಎದ್ದು ಓಡಿದಳು. ಎಲ್ಲರಿಗಿಂತ ಮೊದಲು ಅವಳ ಎಲೆ ಬಿತ್ತು.

ಉಂಡು ಬಂದು ಅವಳು ಮತ್ತೆ ಅತ್ತೆಯ ಪಕ್ಕ ಕೂತಳು.

"ಅತ್ತಿ, ನಿನ್ನ ಹೆಸರೇನು?"

ಮೆಟ್ಟಿಲ ಮೇಲಿದ್ದ ಮುದುಕಿಯರೆಲ್ಲ ಅತ್ತೆಯ ಕಡೆಗೆ ನೋಡಿದರು. ಅವಳ ಹೆಸರು ಬೇಯಿಸಿದವಳು ಅವರಲ್ಲಿ ಇರಲಿಲ್ಲ. ಅವಳ ಸೋದರತ್ತೆ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಬಾಯಿ ಬಿಗಿಹಿಡಿದೇ ಹೋಗಿದ್ದಳು. ಅತ್ತೆ ಸೊಂಟದ ಗಂಟು ಬಿಚ್ಚಿ, ಅದರಲ್ಲಿದ್ದ ಅಕ್ಕಿಯನ್ನು ಹುಡುಗಿಯ ಮಡಿಲಿಗೆ ಹಾಕಿದಳು. ಗೊತ್ತಿಲ್ಲವೆಂದು ತಲೆಯಾಡಿಸಿದಳು.

ನಾನೂ ಮಾಳವ್ವಜ್ಜಿಯನ್ನು ಕೇಳಿದೆ, ಆ ಅತ್ತೆಯ ಹೆಸರೇನೆಂದು. ಅವಳು ಹಗ್ಗದ ಸುರುಳಿ ಎತ್ತಿಕೊಂಡು, "ಅದನ್ನ ತಿಂದಾರಪ್ಪ" ಅಂದಳು.

ಓದಿದವರು ಈ ಕಥೆಯನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನ, ಹೆಸರು ಹುಡುಕುತ್ತ ಕೂತವರಿಗೆ ಹೇಳಿ. ಹೇಳುವಾಗ, ಆ ಅತ್ತೆಗೂ ಒಂದು ಹೆಸರಿದ್ದರೆ ಕಥೆಗೆ ಚೆನ್ನಾಗಿ ಹೊಂದುತ್ತಿತ್ತು ಎಂದು ಯಾರಾದರೂ ಅಂದಾರು. ಇಡಬೇಡಿ. ಆ ಜಾಗವನ್ನು ಖಾಲಿಯೇ ಬಿಟ್ಟು ಮುಂದಿನವರಿಗೆ ದಾಟಿಸಿ.